ಅತ್ತೆಯ ಬಸ್ಸು ತಡವರಿಸಿದ್ದು

ಅತ್ತೆ ಇಪ್ಪತ್ತು ವರ್ಷಕ್ಕೂ ಮೇಲೆ ಸಿಟಿ ಬಸ್ ಓಡಿಸಿದವರು. ಬೆನ್ನುನೋವು ಹೆಚ್ಚಾಗಿ, ಡಾಕ್ಟರು ಇನ್ನು ಸಾಕು ಎಂದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಕೂತರು ಅನ್ನುವುದು ಬರೀ ಮಾತಿಗೆ. ಹಾಲು ತರಲು ಹೊರಟವರಿಗೆ ಯಾವ ಕ್ರಾಸಿನಲ್ಲಿ ತಿರುಗಬೇಕೆಂದು ಹೇಳುವರು. ಟ್ಯಾಕ್ಸಿ ಹತ್ತಿದರೆ ಡ್ರೈವರಿಗೆ ಬ್ರೇಕಿನ ಪಾಠ ಮಾಡುವರು. ಮನೆಯವರ ತಲೆ ಚಿಟ್ಟು ಹಿಡಿದು, ಕೊನೆಗೆ ಮಗ ಸೊಸೆ ಸೇರಿ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದರು. ಮೇಜಿನ ಅಂಚಿಗೆ ಕಚ್ಚಿಸುವ ಸ್ಟಿಯರಿಂಗ್, ಕಾಲಡಿಗೆ ಪೆಡಲು, ಒಳಗೆ ಬಸ್ ಓಡಿಸುವ ಆಟ. ಮಗನಿಗೆ ಹೋಟೆಲಿನ ಅಡುಗೆಮನೆಯಲ್ಲಿ ಸಂಜೆಯ ಪಾಳಿ. ಹಾಗಾಗಿ ಕಂಪ್ಯೂಟರಿನ ಉಸ್ತುವಾರಿ ಸೊಸೆಯ ಹೆಗಲಿಗೆ ಬಿತ್ತು.

ಅತ್ತೆ ಮೊದಮೊದಲು ಮೂಗು ಮುರಿದರು. ಎರಡನೇ ವಾರಕ್ಕೆ ಆಟದ ಊರಿನ ರೂಟುಗಳೆಲ್ಲ ಬಾಯಿಪಾಠವಾಗಿದ್ದವು. ಮಧ್ಯಾಹ್ನದ ಊಟ ಮುಗಿಸಿ, ಕನ್ನಡಕ ಒರೆಸಿಕೊಂಡು, "ಡ್ಯೂಟಿಗೆ ಹೊರಟೆ" ಎಂದು ಹೇಳಿಯೇ ಕೂರುತ್ತಿದ್ದರು. ಪ್ರಯಾಣಿಕರ ಹೊಟ್ಟೆಯ ನೀರು ಅಲ್ಲಾಡದ ಹಾಗೆ ಓಡಿಸುತ್ತಾರೆ ಎಂಬ ಹೆಸರು ಅವರಿಗೆ ಡಿಪೋದಲ್ಲಿತ್ತು. ಆಟದಲ್ಲೂ ಅದೇ. ಬ್ರೇಕು ಜೋರಾಗಿ ಹಾಕಿದರೆ ಆಟದ ಪ್ರಯಾಣಿಕರು ಗೊಣಗುತ್ತಾರೆ. ಅತ್ತೆಯ ಬಸ್ಸಿನಲ್ಲಿ ಗೊಣಗಾಟ ಕೇಳಿದ್ದೇ ಇಲ್ಲ.

ಒಂದು ತಿಂಗಳು ಎಲ್ಲವೂ ಸುಗಮವಾಗಿತ್ತು. ಆಮೇಲೆ ಬಸ್ಸು ತಡವರಿಸತೊಡಗಿತು. ಹೊರಟಾಗ ಚೆನ್ನಾಗಿಯೇ ಹೊರಡುವುದು. ಸ್ವಲ್ಪ ಹೊತ್ತಿಗೆ ಚಿತ್ರ ಜಗ್ಗಿ ಜಗ್ಗಿ ಬರುವುದು, ಒಂದು ಕ್ಷಣ ನಿಂತು ಮುಂದಕ್ಕೆ ಹಾರುವುದು. ತಿರುವಿನ ಮಧ್ಯೆ ಹೀಗಾಗಿ ಬಸ್ಸು ಒಮ್ಮೆ ಫುಟ್‌ಪಾತ್ ಹತ್ತಿತು. ಪ್ರಯಾಣಿಕರು ಗೊಣಗಿದರು. ಅತ್ತೆಯ ಮುಖ ಸಪ್ಪಗಾಯಿತು.

ಸೊಸೆ ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುವುದರೊಳಗೆ ದೂರು ಬಂತು. "ನೋಡಮ್ಮ, ಬಸ್ಸಿಗೆ ಬಿಕ್ಕಳಿಕೆ ಬಂದಿದೆ. ನನ್ನ ಹೆಸರು ಕೆಡ್ತಾ ಇದೆ."

ಸೊಸೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಒಂದು ಗಾಜು ತೆಗೆದು ಇನ್ನೊಂದು ಹಾಕಿ, "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?" ಎಂದು ದಿನವಿಡೀ ಕೇಳುವ ಅಭ್ಯಾಸ. ಇಲ್ಲಿಯೂ ಒಂದೊಂದನ್ನೇ ಬದಲಿಸಿ ನೋಡಿದಳು. ಚಿತ್ರ ಮೂಡಿಸುವ ಸಾಫ್ಟ್‌ವೇರ್, ಗ್ರಾಫಿಕ್ಸ್ ಡ್ರೈವರ್, ಹೊಸದು ಹಾಕಿದಳು. ಹಿಂದೆ ಸುಮ್ಮನೆ ತೆರೆದುಕೊಂಡಿದ್ದ ಪ್ರೋಗ್ರಾಮುಗಳನ್ನು ಮುಚ್ಚಿದಳು. ಬಸ್ಸಿನ ಬಿಕ್ಕಳಿಕೆ ನಿಲ್ಲಲಿಲ್ಲ. ಕೊನೆಗೆ ಆಟದ ಭಾರ ಇಳಿಸಲೆಂದು ಚಿತ್ರದಿಂದ ಒದ್ದೆ ರಸ್ತೆಯ ಪ್ರತಿಬಿಂಬ ತೆಗೆದಳು, ನೆರಳುಗಳನ್ನೆಲ್ಲ ಅಳಿಸಿದಳು.

"ಈಗ ಹೇಗಿದೆ ಅತ್ತೆ?"

ಅತ್ತೆ ಪರದೆಯನ್ನೇ ದಿಟ್ಟಿಸಿದರು. "ಮರಕ್ಕೆ ನೆರಳಿಲ್ಲ, ಮನುಷ್ಯರಿಗೂ ಇಲ್ಲ. ಇದೇನು ದೆವ್ವಗಳ ಊರಾ? ಇಂಥ ಕಡೆ ನಾನು ಬಸ್ ಓಡಿಸಲ್ಲ."

"ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೊಳ್ಳಿ."

ಅತ್ತೆ ಒಲ್ಲದ ಮನಸ್ಸಿನಿಂದ ಹೊರಟರು. ದೆವ್ವಗಳ ಊರಿನಲ್ಲೂ ಅರ್ಧ ಗಂಟೆಗೆಲ್ಲ ಬಸ್ಸು ಮತ್ತೆ ಜಗ್ಗತೊಡಗಿತು.

ಮಾವ ಇದರಲ್ಲಿ ತಲೆ ಹಾಕುತ್ತಿರಲಿಲ್ಲ. ಅವರದು ಸೋಫಾ, ಕುರ್ಚಿಗಳಿಗೆ ಕುಶನ್ ಹೊಲಿಯುವ ಅಂಗಡಿ. ಮಾತು ಕಡಿಮೆ, ಕೈ ಮಾತ್ರ ಸುಮ್ಮನಿರುವುದಿಲ್ಲ. ಮಿಕ್ಸಿಗೆ, ಇಸ್ತ್ರಿಪೆಟ್ಟಿಗೆಗೆ, ಟಿವಿ ರಿಮೋಟಿಗೆ, ಮನೆಯಲ್ಲಿ ಅವರು ಗವಸು ಹೊಲಿಯದ ವಸ್ತುವೇ ಇರಲಿಲ್ಲ. ಹೆಚ್ಚು ಹೊತ್ತು ಒಂದೇ ಕಡೆ ಕೂತರೆ ನಮಗೂ ಅಳತೆ ತಗೋತಾರೆ ಎಂದು ಮಗ ಹಾಸ್ಯ ಮಾಡುತ್ತಿದ್ದ.

ರಿಪೇರಿಯವನ ಹತ್ತಿರ ಒಯ್ಯುವುದೆಂದಾಯಿತು. ಮೇಜಿನ ಕೆಳಗಿದ್ದ ಸಿಪಿಯು ಡಬ್ಬವನ್ನು ಮಾವನೇ ಹೊರಗೆಳೆದು, ಅದರ ಗವಸು ಬಿಚ್ಚಿ, ಮಡಿಚಿ ಕಪಾಟಿನಲ್ಲಿಟ್ಟರು. "ಅಂಗಡೀಲಿ ಗ್ರೀಸ್ ಕೈ ಇರತ್ತೆ, ಕೊಳೆಯಾಗೋದು ಬೇಡ" ಎಂದರು.

ಎರಡು ದಿನ ಬಿಟ್ಟು ರಿಪೇರಿಯವನು ಫೋನ್ ಮಾಡಿದ. "ಮೇಡಂ, ಏನೂ ತೊಂದರೆ ಇಲ್ಲ. ಬೆಳಗ್ಗೆಯಿಂದ ನಿಮ್ಮ ಬಸ್ ಆಟ ಓಡಿಸ್ತಾ ಇದೀನಿ, ಬೆಣ್ಣೆ ಥರ ಹೋಗ್ತಿದೆ. ಎಷ್ಟು ಬಿಸಿಯಾಗುತ್ತೆ ಅಂತ ಪರದೆಯ ಮೂಲೇಲಿ ತೋರಿಸೋ ಹಾಗೆ ಮಾಡಿದೀನಿ. ಮತ್ತೆ ಜಗ್ಗಿದರೆ ಅದನ್ನ ನೋಡಿ ಹೇಳಿ."

ಡಬ್ಬ ಮನೆಗೆ ಬಂತು. ಸೊಸೆ ನೆರಳು, ಪ್ರತಿಬಿಂಬ ಎಲ್ಲ ವಾಪಸು ಹಾಕಿದಳು. ಮರುದಿನ ಅವಳಿಗೆ ರಜೆ; ಅತ್ತೆಯ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಳು. ಮೂರನೇ ಸ್ಟಾಪು ದಾಟುವಷ್ಟರಲ್ಲಿ ಮೂಲೆಯ ಅಂಕಿ ಏರತೊಡಗಿತು. ತೊಂಬತ್ತೈದು ಡಿಗ್ರಿ ಮುಟ್ಟಿತೋ ಇಲ್ಲವೋ, ಬಸ್ಸು ತಡವರಿಸಿತು.

ಸೊಸೆ ಫೋನ್ ಹಚ್ಚಿದಳು.

"ಅಷ್ಟು ಕಾದರೆ ಸುಟ್ಟುಹೋಗಬಾರದು ಅಂತ ಅದು ತಾನಾಗೇ ನಿಧಾನ ಮಾಡ್ಕೊಳ್ಳತ್ತೆ" ಎಂದ ರಿಪೇರಿಯವನು. "ಸುತ್ತ ಗಾಳಿ ಆಡುತ್ತಾ ನೋಡಿ. ಗೋಡೆಗೆ ಒತ್ತಿ ಇಟ್ಟಿದೀರಾ?"

"ಇಲ್ಲ, ಮೇಜಿನ ಕೆಳಗೆ ಬೇಕಾದಷ್ಟು ಜಾಗ ಇದೆ" ಎನ್ನುತ್ತ ಸೊಸೆ ಬಗ್ಗಿ ಕೈಯಿಟ್ಟಳು. ಬಟ್ಟೆ ತಗುಲಿತು. ಆಗಷ್ಟೇ ಇಸ್ತ್ರಿ ಮಾಡಿದಷ್ಟು ಬಿಸಿ.

ಕಡುನೀಲಿ ದಪ್ಪ ಬಟ್ಟೆ, ಅಂಚಿಗೆ ಬಿಳಿ ಪಟ್ಟಿ, ಪೆನ್ ಡ್ರೈವಿಗೆ ಪುಟ್ಟ ಜೇಬು. ಮುಂದೆ ಸ್ವಿಚ್ಚಿಗೊಂದು ಕಿಂಡಿ, ಹಿಂದೆ ವಯರುಗಳಿಗೆ ಅಳತೆಯ ಸೀಳು. ಉಳಿದೆಲ್ಲ ಕಡೆ ಗವಸು ಮೈಗೆ ಅಂಟಿದಂತೆ ಕೂತಿತ್ತು. ದಿನವೂ ಕಾಲಿಗೆ ತಾಗುತ್ತಿದ್ದರೂ ಅದು ಅಲ್ಲಿದೆ ಎಂಬುದೇ ಯಾರಿಗೂ ಹೊಳೆದಿರಲಿಲ್ಲ. ನಿನ್ನೆ ಡಬ್ಬ ಬಂದ ಕೂಡಲೇ ಮಾವ ಮರೆಯದೆ ತೊಡಿಸಿದ್ದರು.

ಸೊಸೆ ಹಿಂದಿನ ಲಾಡಿ ಬಿಚ್ಚಿ ಗವಸನ್ನು ಮೇಲಕ್ಕೆಳೆದಳು. ಸ್ವಲ್ಪ ಹೊತ್ತಿಗೆ ಅಂಕಿ ಇಳಿಯಿತು. ಬಸ್ಸು ನೀರಿನ ಮೇಲೆ ದೋಣಿ ಜಾರಿದಂತೆ ತಿರುವು ದಾಟಿತು. ಒದ್ದೆ ರಸ್ತೆಯಲ್ಲಿ ದೀಪಗಳು ಹೊಳೆದವು.

ಅತ್ತೆ ಬಸ್ಸನ್ನು ಸ್ಟಾಪಿನಲ್ಲಿ ನಿಲ್ಲಿಸಿ, ಗವಸನ್ನೂ ಸೊಸೆಯನ್ನೂ ನೋಡಿದರು. "ಅವರಿಗೆ ಹೇಳಬೇಡ" ಎಂದರು. "ಎರಡು ಭಾನುವಾರ ಕೂತು ಹೊಲಿದಿದ್ದಾರೆ. ನಾವು ಆಡುವಾಗ ಬಿಚ್ಚೋಣ. ಅವರು ಬರೋ ಹೊತ್ತಿಗೆ ತೊಡಿಸಿಬಿಡೋಣ."

ಅಂದಿನಿಂದ ಅತ್ತೆ ಸೊಸೆಯರ ಗುಟ್ಟು ಶುರುವಾಯಿತು. ಮಧ್ಯಾಹ್ನ ಅತ್ತೆ ಗವಸು ಬಿಚ್ಚುವುದು, ಸಂಜೆ ಮಾವ ಬಂದು ಗೇಟಿನ ಸದ್ದಾದರೆ ಆಟ ನಿಲ್ಲಿಸಿ ಇಬ್ಬರೂ ಸೇರಿ ತೊಡಿಸುವುದು. ಒಂದೆರಡು ಸಲ ಅವಸರದಲ್ಲಿ ಅತ್ತೆ ಮೇಜಿಗೆ ತಲೆ ಬಡಿದುಕೊಂಡರು. ಇಬ್ಬರೂ ಸೆರಗು ಬಾಯಿಗೊತ್ತಿ ನಕ್ಕರು. ಬಸ್ಸು ಮಾತ್ರ ಹೂವಿನಂತೆ ಓಡುತ್ತಿತ್ತು.

ಒಂದು ದಿನ ಮಾವ ಊಟಕ್ಕೆ ಕೂರುವ ಮೊದಲು ಕಂಪ್ಯೂಟರ್ ಮೇಜಿನ ಕೆಳಗೆ ಬಗ್ಗಿದರು. ಬಿದ್ದ ಗುಂಡಿಯೊಂದನ್ನು ಹುಡುಕಲು ಹೋದವರು ಎದ್ದು ಬರಲು ತಡಮಾಡಿದರು.

"ಈ ಲಾಡಿ ಯಾರು ಕಟ್ಟಿದ್ದು?" ಎಂದರು.

ಸೊಸೆ ಸಾರಿನ ಸೌಟು ಕೈಗೆತ್ತಿಕೊಂಡಳು.

"ಇದು ನನ್ನ ಗಂಟಲ್ಲ. ಬೂಟಿಗೆ ಕಟ್ಟೋ ಗಂಟು."

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ತಟ್ಟೆಯನ್ನು ನೋಡಿದರು. ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಸೊಸೆಯೇ ಬಾಯಿಬಿಟ್ಟಳು. "ಮಾವ, ನೀವು ಹೊಲಿದಿದ್ದು ತುಂಬಾ ಚೆನ್ನಾಗಿದೆ. ಆದರೆ ಅದರಿಂದ ಒಳಗೆ ಗಾಳಿ ಹೋಗ್ತಾ ಇರಲಿಲ್ಲ. ಕಾದು ಕಾದು ಬಸ್ಸು ತಡವರಿಸ್ತಿತ್ತು. ಅದಕ್ಕೆ ಆಡುವಾಗ ಬಿಚ್ಚಿಡ್ತಿದ್ವಿ."

"ಎಷ್ಟು ದಿನದಿಂದ?"

"ಹದಿನೈದು ದಿನ ಆಗಿರಬಹುದು."

ಮಾವ ಊಟ ಮಾಡಿದರು. ಇನ್ನೊಂದು ಸಲ ಬಡಿಸಿಕೊಂಡದ್ದು ನೋಡಿ ಸೊಸೆಗೆ ಅರ್ಧ ಜೀವ ಬಂತು. ಕೈ ತೊಳೆದು ಬಂದು ಅವರು ಹೆಂಡತಿಯ ಎದುರು ಕೂತರು.

"ಕುರ್ಚಿ ಕೆಳಗೆ ನಾನು ತೆಳು ಬಟ್ಟೆ ಯಾಕೆ ಹೊಡೀತೀನಿ ಗೊತ್ತಾ? ಒಳಗೆ ಗಾಳಿ ಆಡಲಿ ಅಂತ. ಒಂದು ಮಾತು ಹೇಳಿದ್ದರೆ ಆಗಲೇ ಬಿಚ್ಚಿ ಹಾಕ್ತಿದ್ದೆ. ತಪ್ಪು ಅಳತೆ ಅಂತ ಗಿರಾಕಿಗಳು ದಿನಾ ಹೇಳ್ತಾರೆ, ನಾನೇನು ಅಳ್ತಾ ಕೂರ್ತೀನಾ? ಕಳ್ಳರ ಹಾಗೆ ಬಿಚ್ಚೋದು, ಕಟ್ಟೋದು ಮಾಡಿದ್ರಲ್ಲ, ಅದು ಸ್ವಲ್ಪ ಬೇಜಾರಾಯ್ತು."

"ನಿಮಗೆ ನೋವಾಗತ್ತೆ ಅಂತ ಕಣ್ರೀ" ಎಂದರು ಅತ್ತೆ. "ತಪ್ಪಾಯ್ತು. ನಾನೇ ಇವಳ ಬಾಯಿ ಮುಚ್ಚಿಸಿದ್ದು."

"ತಲೆ ಬೇರೆ ಬಡಿದುಕೊಂಡಿದೀಯ. ಮೊನ್ನೆ ಎಣ್ಣೆ ಹಚ್ಕೊಳ್ತಿದ್ದಾಗ ನೋಡಿದೆ" ಎನ್ನುವಾಗ ಮಾವನ ಮೀಸೆಯಡಿ ನಗು ಕಾಣಿಸಿತು.

ಭಾನುವಾರ ಮಾವ ಗವಸಿನ ಹೊಲಿಗೆ ಬಿಚ್ಚಿ, ಅದೇ ಬಟ್ಟೆಯಲ್ಲಿ ಅತ್ತೆಯ ಕುರ್ಚಿಗೆ ಬೆನ್ನಿನ ದಿಂಬು ಮಾಡಿದರು. ಬೆನ್ನಿಗೆ ಎಲ್ಲಿ ಆನಿಕೆ ಬೇಕೆಂದು ಕೇಳಿ ಕೇಳಿ ಅಲ್ಲಿಗೆ ಹತ್ತಿ ಒತ್ತಿ ತುಂಬಿದರು. ಸರಿಯಾಗಿ ಕೂತಿದೆಯೇ ನೋಡಬೇಕೆಂದು ಆ ಮಧ್ಯಾಹ್ನ ಪಕ್ಕದಲ್ಲೇ ನಿಂತರು. ಇಷ್ಟು ವರ್ಷದಲ್ಲಿ ಹೆಂಡತಿ ಬಸ್ ಓಡಿಸುವುದನ್ನು ಅವರು ನಿಂತು ನೋಡಿದ್ದೇ ಇಲ್ಲ; ಅವರ ಅಂಗಡಿಗೂ ಅವಳ ಪಾಳಿಗೂ ಹೊತ್ತು ಕೂಡಿಬಂದಿರಲಿಲ್ಲ. ಅತ್ತೆ ಕನ್ನಡಿ ನೋಡಿದರು, ಇಂಡಿಕೇಟರ್ ಹಾಕಿದರು, ಜನಜಂಗುಳಿಯ ಪೇಟೆಬೀದಿಯಲ್ಲಿ ಎಲ್ಲೂ ತಾಗಿಸದೆ ಉದ್ದನೆಯ ಬಸ್ಸನ್ನು ತಿರುಗಿಸಿದರು.

ಮಾವ ಸ್ಟೂಲ್ ಎಳೆದು ಕೂತರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, "ಬಸ್ಸಿನ ಒಳಗೆ ಹೋಗಿ ನೋಡಬಹುದಾ? ಸೀಟು ಹೇಗೆ ಹೊಲಿದಿದ್ದಾರೆ ಅಂತ."

ಸೊಸೆ ಚಿತ್ರದ ಗುಣಮಟ್ಟವನ್ನು ಇನ್ನೊಂದು ಮೆಟ್ಟಿಲು ಏರಿಸಿದಳು. ಮೂಲೆಯ ಬಿಸಿಯ ಅಂಕಿ ಅಲುಗಲಿಲ್ಲ. ಅತ್ತೆ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಒಳಗೆ ಸೀಟುಗಳ ಸಾಲಿಗೆ ನೋಟ ತಿರುಗಿಸಿದರು. ಮಾವ ಪರದೆಗೆ ಮೂಗು ತಾಗುವಷ್ಟು ಬಾಗಿ ಒಂದೊಂದೇ ಸೀಟಿನ ಅಂಚು ನೋಡುತ್ತ ಹೋದರು.

"ಮೂಲೇಲಿ ಪಟ್ಟಿ ಸರಿಯಾಗಿ ಮಡಿಚಿಲ್ಲ" ಎಂದರು. "ಉಳಿದದ್ದು ಪರವಾಗಿಲ್ಲ."

"ಆಯ್ತಾ? ಜನ ಕಾಯ್ತಾ ಇದಾರೆ" ಎಂದು ಅತ್ತೆ ಬಾಗಿಲು ಮುಚ್ಚಿ, ಬಸ್ಸನ್ನು ಮೆಲ್ಲಗೆ ರಸ್ತೆಗಿಳಿಸಿದರು.