ರೂಪಾಯಿ ಪದದ ಕೆಳಗೆ ಒಂದು ಸಾಲು

ನಿಘಂಟಿನ ಮೇಷ್ಟ್ರು ರೂಪಾಯಿ ಎಂಬ ಪದಕ್ಕೆ ಬಂದು ನಿಂತುಬಿಟ್ಟರು. ಪದದ ಹುಟ್ಟನ್ನು ಬರೆದಾಗಿತ್ತು: ಅಚ್ಚೊತ್ತಿದ ಬೆಳ್ಳಿಗೆ ಸಂಸ್ಕೃತದಲ್ಲಿದ್ದ ರೂಪ್ಯ ಎಂಬ ಹೆಸರು ನಮ್ಮ ಬಾಯಲ್ಲಿ ರೂಪಾಯಿಯಾಗಿ, ಕಡಲಾಚೆಯ ಒಂದು ದ್ವೀಪನಾಡಿನಲ್ಲಿ ರುಪಿಯ, ಇನ್ನೊಂದರಲ್ಲಿ ರುಫಿಯಾ ಆಗಿತ್ತು. ಆ ದ್ವೀಪಗಳ ಕುರಿತ ಒಂದು ಸಾಲಿಗಾಗಿ ಅವರು ಎರಡು ವರ್ಷ ಊರೂರಿಗೆ ಕಾಗದ ಬರೆದಿದ್ದರು. ಇಲ್ಲದಿದ್ದುದು ಬಳಕೆಯ ವಾಕ್ಯ. ಯಾರಾದರೂ ನಿಜವಾಗಿ ಆಡಿದ ಮಾತನ್ನೇ ಹಾಕಬೇಕೆಂಬುದು ಅವರ ವ್ರತ. ಮೂವತ್ತು ವರ್ಷ ಆ ಮಾತುಗಳನ್ನು ಒದಗಿಸಿದವರು ಅವರ ಹೆಂಡತಿ. ಆಕೆ ತೀರಿಕೊಂಡು ತಿಂಗಳಾಗಿತ್ತು. ಪುಟ ಸಂಜೆಯೊಳಗೆ ಅಚ್ಚಿಗೆ ಹೋಗಬೇಕಿತ್ತು.

“ನೀವೇ ಒಂದು ಬರೆದುಬಿಡಿ ಅಪ್ಪಾ, ಯಾರು ಕೇಳ್ತಾರೆ?” ಎಂದಳು ಕರಡು ತಿದ್ದುತ್ತಿದ್ದ ಮಗಳು.

“ದೇವರು ಕೇಳ್ತಾನಮ್ಮ. ಅವನಿಗಿಂತ ಮೊದಲು ನಿಮ್ಮಮ್ಮ ಕೇಳ್ತಾಳೆ.”

ಮಗಳಿಗೆ ನಗು ಬಂತು. “ಅಮ್ಮ ಬೈದದ್ದಾದ್ರೂ ನೆನಪಿದೆಯಾ?”

ನೆನಪಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೇಳಿದರು: “‘ಈ ಪದಗಳಿಂದ ಒಂದು ರೂಪಾಯಿನೂ ಹುಟ್ಟಲ್ಲ ಕಣ್ರೀ. ಆದ್ರೂ ಬರೀರಿ, ದೀಪ ಈ ಕಡೆ ಇಡ್ತೀನಿ.’”

ಮಗಳು ಅದನ್ನು ಬರೆದುಕೊಂಡು ಪುಟದ ಅಳತೆ ನೋಡಿದಳು. “ಒಂದು ಸಾಲು ಹೆಚ್ಚಾಯ್ತಪ್ಪಾ. ರೂಪಾಯಿ ಇರೋದು ಮೊದಲನೇ ಮಾತಲ್ಲಿ ತಾನೆ? ಉಳಿದದ್ದು ಬಿಟ್ಟುಬಿಡೋಣವಾ?”

ಮೇಷ್ಟ್ರು ಪುಟವನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಕೆಂಪು ಶಾಯಿಯ ಲೇಖನಿ ತೆಗೆದುಕೊಂಡು, ದ್ವೀಪಗಳ ಸಾಲನ್ನು ತಾವೇ ಹೊಡೆದುಹಾಕಿದರು.

“ಅದು ಇನ್ಯಾವ ಪುಸ್ತಕದಲ್ಲಾದ್ರೂ ಸಿಗುತ್ತೆ ಬಿಡು,” ಎಂದರು.