ಪರದೆಯ ಬಲ ಅಂಚು

ಸೂಪರ್‌ವೈಸರ್ ಕಾಗದವನ್ನು ತಂದು ಅಕ್ಕನ ಕೀಬೋರ್ಡಿನ ಮೇಲೆಯೇ ಇಟ್ಟ. “ಓದಿ, ಸಹಿ ಹಾಕಿ. ಇಲ್ಲಾಂದ್ರೆ ನಾಳೆಯಿಂದ ಬಂಡಲ್ ಕಟ್ಟೋ ಕಡೆ ಹೋಗಿ.”

ಪತ್ರಿಕೆಯ ಪುಟ ಕಟ್ಟುವ ಆ ಕೋಣೆಯಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅಂಗಿಯ ಗೆರೆ ಮುರಿಯದ ಸೂಪರ್‌ವೈಸರನಿಗೆ ಬೆನ್ನ ಹಿಂದೆ ‘ಇಸ್ತ್ರಿ’ ಎಂದು ಹೆಸರಿಟ್ಟವಳೂ ಅವಳೇ. ಕಾಗದದಲ್ಲಿದ್ದದ್ದು ಎರಡೇ ಸಾಲು: ಮೂರನೇ ಪುಟ ಹಾಳಾದದ್ದು ನನ್ನ ಅಜಾಗರೂಕತೆಯಿಂದ, ಇನ್ನು ಮುಂದೆ ಡಾಕಿನ ಜೋಡಣೆ ಬದಲಿಸುವುದಿಲ್ಲ.

ಡಾಕ್ ಎಂದರೆ ಹೊಸ ಕಂಪ್ಯೂಟರಿನ ಪರದೆಯ ಬಲ ಅಂಚಿನಲ್ಲಿ ಮೇಲಿಂದ ಕೆಳಗೆ ನಿಂತ ಚೌಕಗಳ ಸಾಲು. ಒಂದರಲ್ಲಿ ಅಕ್ಷರ, ಒಂದರಲ್ಲಿ ಕತ್ತರಿ, ಇನ್ನೊಂದರಲ್ಲಿ ಪ್ರಿಂಟರ್, ಮತ್ತೊಂದರಲ್ಲಿ ಕಸದ ಬುಟ್ಟಿ. ಒತ್ತಿದರೆ ಆ ಕೆಲಸ ಎದ್ದು ಕೂರುತ್ತದೆ. ಇನ್ನೂ ಏಳದಿದ್ದರೆ ಚೌಕದ ಕೆಳಗೆ ಮೂರು ಚುಕ್ಕೆ. ಯಾವುದು ಎಲ್ಲಿರಬೇಕೆಂಬುದು ಕೂತವರ ಇಷ್ಟ. ಅಕ್ಕ ಹದಿನೆಂಟು ವರ್ಷ ನಿಂತುಕೊಂಡು ಸೀಸದ ಅಚ್ಚುಮೊಳೆ ಜೋಡಿಸಿದವಳು. ಅಲ್ಲಿ ಒಬ್ಬರ ಮೊಳೆಪೆಟ್ಟಿಗೆಗೆ ಇನ್ನೊಬ್ಬರು ಕೈ ಹಾಕುವಂತಿರಲಿಲ್ಲ. ಕಣ್ಣು ಸುದ್ದಿಯ ಮೇಲಿದ್ದರೆ ಕೈ ತನ್ನ ಪಾಡಿಗೆ ಅಕ್ಷರ ಹೆಕ್ಕಬೇಕು, ಅದೇ ಕಸುಬು. ಕಂಪ್ಯೂಟರ್ ಬಂದಾಗ ಎಂಟು ಜನ ಮನೆಗೆ ಹೋದರು. ಇವಳು ಹಠ ಹಿಡಿದು ಕಲಿತಳು. ಡಾಕನ್ನೂ ಮೊಳೆಪೆಟ್ಟಿಗೆಯ ಹಾಗೆಯೇ ಜೋಡಿಸಿಕೊಂಡಳು, ಹೆಚ್ಚು ಬೇಕಾದದ್ದು ನಡುವೆ, ಕೈಗೆ ಹತ್ತಿರ.

ಇವತ್ತು ಅವಳು ಊಟಕ್ಕೆ ಹೋದಾಗ ಇಸ್ತ್ರಿ ಹತ್ತೂ ಪರದೆಗಳ ಡಾಕನ್ನು ಒಂದೇ ಥರ ಮಾಡಿಟ್ಟಿದ್ದ. ಒಂದು ಮಾತು ಹೇಳಬೇಡವೇ? ಬಂದು ಕೂತ ಅಕ್ಕ ಮುಗಿದ ಮೂರನೇ ಪುಟವನ್ನು ಎಂದಿನಂತೆ ನೋಡದೆಯೇ ಎಳೆದು ಪ್ರಿಂಟರಿನ ಜಾಗಕ್ಕೆ ಬಿಟ್ಟಳು. ಅಲ್ಲೀಗ ಬುಟ್ಟಿ ಇತ್ತು. ಪ್ರಿಂಟರ್ ಏಕೆ ಸುಮ್ಮನಿದೆ ಎಂದು ನೋಡಲು ಅವಳು ಎದ್ದುಹೋದ ಎರಡು ನಿಮಿಷದಲ್ಲಿ ಇಸ್ತ್ರಿ ಬಂದು ಬುಟ್ಟಿಯನ್ನು ಖಾಲಿ ಮಾಡಿದ್ದ. ತುಂಬಿದ ಬುಟ್ಟಿ ಕಂಡರೆ ಅವನಿಗಾಗದು.

“ಬುಟ್ಟಿ ಖಾಲಿ ಮಾಡಿದ್ದು ಯಾರು ಸಾರ್?”

“ಅದರೊಳಗೆ ಹಾಕಿದ್ದು ಯಾರು? ಕಣ್ಣಿಲ್ವಾ ನಿಮಗೆ?”

“ಕಣ್ಣಿರೋದು ಸುದ್ದಿ ಓದೋಕೆ. ಪ್ರಿಂಟರ್ ಎಲ್ಲಿದೆ ಅಂತ ತಡಕಾಡೋಕಲ್ಲ.”

ಮೂಲೆಯಲ್ಲಿ ಕರಡು ತಿದ್ದುತ್ತಿದ್ದ ತಾತ ಕನ್ನಡಕದ ಮೇಲಿಂದ ನೋಡಿದರು. “ಗೀಚಿ ಕೊಟ್ಟುಬಿಡಮ್ಮ. ಒಂದು ಸಹಿ ತಾನೇ?”

“ಬಗ್ಗಿದವರಿಗೆ ಒಂದು ಗುದ್ದು ಜಾಸ್ತಿ, ತಾತ.”

ಸಿಟ್ಟಿಗೆ ಅವಳ ಕಿವಿ ಬಿಸಿಯಾಗಿತ್ತು. ಹೆದರಿಕೆಯೂ ಇತ್ತು, ಇಲ್ಲವೆಂದರೆ ಸುಳ್ಳಾದೀತು. ಬಂಡಲ್ ಕಡೆಗೆ ಹೋದವರು ಯಾರೂ ಈ ಕೋಣೆಗೆ ವಾಪಸು ಬಂದಿರಲಿಲ್ಲ. ಅವಳು ಮೌಸ್ ಹಿಡಿದು, ಅವನ ಕಣ್ಣೆದುರೇ, ಚೌಕಗಳನ್ನು ಒಂದೊಂದಾಗಿ ಎಳೆದು ತನ್ನ ಜಾಗಗಳಿಗೆ ತಂದಳು. ಆಮೇಲೆ ಆ ಕಾಗದವನ್ನು ಉದ್ದಕ್ಕೆ ಮಡಚಿ, ಡಾಕ್ ಪೂರ್ತಿ ಮುಚ್ಚುವಂತೆ ಪರದೆಯ ಬಲ ಅಂಚಿಗೆ ಅಂಟಿಸಿದಳು.

“ಏನ್ರೀ ಇದು?”

“ಇಲ್ಲೇ ನಿಂತು ನೋಡಿ. ಪುಟ ಮತ್ತೆ ಕಟ್ತೀನಿ. ಒಂದೇ ಒಂದು ಸಲ ಕೈ ತಪ್ಪಿದ್ರೆ ಕಾಗದ ಕಿತ್ತು ಸಹಿ ಹಾಕ್ತೀನಿ.”

ಬಾಣದ ಗುರುತು ಕಾಗದದ ಅಡಿಗೆ ಹೋಯಿತು. ಟಕ್. ಅಕ್ಷರ ಎದ್ದಿತು. ಮತ್ತೆ ಹೋಯಿತು, ಕತ್ತರಿ ಎದ್ದಿತು. ಅಕ್ಕನ ಕಣ್ಣು ಸುದ್ದಿಯಿಂದ ಕದಲಲಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಅವಳು ಪುಟವನ್ನು ಹಿಡಿದು ಎಳೆದು, ಕಾಗದದ ಅಡಿಗೆ ಒಯ್ದು, ಬಿಟ್ಟಳು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮೂಲೆಯ ಪ್ರಿಂಟರ್ ಕೆಮ್ಮಿ ಎದ್ದಿತು.

“ಆದ್ರೂ ರೂಲ್ಸ್ ಅಂತ ಒಂದಿರುತ್ತೆ…” ಎಂದ ಇಸ್ತ್ರಿ.

“ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಸಾರ್, ಬೆಳಕಿಗೆ ಅಡ್ಡ ಬರ್ತಿದೀರಿ.”

ಅಕ್ಕ ನಾಲ್ಕನೇ ಪುಟ ತೆರೆದಳು. ಸಹಿಯ ಜಾಗ ಖಾಲಿಯಿದ್ದ ಕಾಗದ ಪರದೆಯ ಮೇಲೆ ಹಾಗೇ ಇತ್ತು. ಬಾಣದ ಗುರುತು ಅದರ ಅಡಿಗೆ ಹೋಗಿ ಹೋಗಿ ಬರುತ್ತಿತ್ತು.