ಎ.ಸಿ. ನಿಂತ ಮೇಲೂ

ನಮ್ಮ ಮದುವೆಗೆ ಅಪ್ಪ ಕೊಟ್ಟ ಎ.ಸಿ. ನಮ್ಮ ಕೋಣೆಯ ಗೋಡೆ ಏರಿದ ದಿನವೇ ಮಾವ ಶಾಂತಪ್ಪನವರು ತಮ್ಮ ಗಾದಿ ಹೊತ್ತುಕೊಂಡು ಒಳಗೆ ಬಂದರು. ಕಡು ಬೇಸಿಗೆ. ಸಿಕಂದರಾಬಾದ್ ಹತ್ತಿರ ನಾಚಾರಂನ ನಮ್ಮ ಮನೆಯ ತಾರಸಿ ಕತ್ತಲಾದ ಮೇಲೂ ಕಾದ ಹಂಚಿನಂತೆ ಇರುತ್ತಿತ್ತು.

"ಅಲ್ಲೊಂದು ಕೂಲರ್ರು, ಇಲ್ಲೊಂದು ಎ.ಸಿ., ಎರಡೆರಡು ಯಾಕ ಓಡಬೇಕು? ಎಲ್ಲಾರೂ ಇಲ್ಲೇ ಮಲಗಿದ್ರಾತು," ಎಂದರು.

ಅತ್ತೆ ಶರಣಬಸಮ್ಮ ದಿಂಬು ಅವಚಿಕೊಂಡು ಅವರ ಹಿಂದೆ ನಿಂತಿದ್ದರು. ನನ್ನ ಗಂಡ ವೈಭವ ಮಂಚದಿಂದ ಇಳಿದು ಜಾಗ ಮಾಡಿಕೊಟ್ಟ. ಹೆಂಗಸರು ಮಂಚದ ಮೇಲೆ, ಗಂಡಸರು ನೆಲದ ಮೇಲೆ ಎಂದು ತಾನಾಗಿಯೇ ಏರ್ಪಾಟಾಯಿತು. ನಾನು ಹೊಸ ಸೊಸೆ, ಬಾಯಿ ತೆರೆಯಲಿಲ್ಲ. ಗಂಡನ ಪಕ್ಕ ಅಲ್ಲ, ಅತ್ತೆಯ ಪಕ್ಕ ಮಲಗಿ ನನ್ನ ಸಂಸಾರ ಶುರುವಾಯಿತು.

ಚಳಿಗಾಲ ಬರಲಿ ಎಂದುಕೊಂಡೆ. ಎ.ಸಿ. ನಿಂತರೆ ಅವರಿಗೆ ಇಲ್ಲೇನು ಕೆಲಸ?

ಮಳೆಗಾಲದಲ್ಲಿ ಮಾವ "ಧಗಿ ಇನ್ನೂ ಹೋಗಿಲ್ಲ" ಎಂದರು. ದಸರಾ ಮುಗಿಯಿತು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ನಲ್ಲಿಯ ನೀರು ಕೈ ಕೊರೆಯಿತು. ನನಗೆ ಆದ ಸಂತೋಷ ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ.

ಮಾವನಿಗೂ ಸಂತೋಷವೇ. ಅವರು ಪಂಪು ತಯಾರಿಸುವ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ವಸ್ತು ಖರ್ಚಾಗದೆ ಉಳಿದರೆ ಅವರ ಮುಖ ಅರಳುತ್ತದೆ. ಚಳಿ ಬಿದ್ದ ಮೇಲೆ ದಿನವೂ ಊಟಕ್ಕೆ ಕೂತಾಗ ಒಂದೊಂದು ಉಳಿತಾಯದ ಸುದ್ದಿ. ಕರೆಂಟ್ ಬಿಲ್ಲು ಅರ್ಧಕ್ಕಿಂತ ಕೆಳಗಿಳಿಯಿತು. ಹಾಲು ಒಡೆಯುವುದು ನಿಂತಿತು. ಲಿಂಬೆಹಣ್ಣು ಬೇಡ, ಮಜ್ಜಿಗೆ ಬೇಡ. ಟೊಮೆಟೊ, ಮೆಂತ್ಯ, ಬಟಾಣಿ ಎಲ್ಲ ಅಗ್ಗ. ಬೆವರಿಲ್ಲವಾದ್ದರಿಂದ ಅಂಗಿ ಎರಡು ದಿನ ಹಾಕಬಹುದು, ಸಾಬೂನೂ ಉಳಿಯಿತು.

"ಅಂಗಿ ಎರಡು ದಿನ ನೀವು ಹಾಕೋರಿ, ಮೂಗು ಮುಚ್ಚಿಕೊಳ್ಳೋರು ನಾವು," ಅಂದರು ಅತ್ತೆ.

"ಥಂಡ್ಯಾಗ ವಾಸನಿ ಬರೂದಿಲ್ಲ," ಎಂದರು ಮಾವ, ಅಷ್ಟೇ ಗಂಭೀರವಾಗಿ. ವೈಭವ ನಕ್ಕ. ನಾನು ನಗಲಿಲ್ಲ. ಇಷ್ಟೆಲ್ಲ ಎಣಿಸುವ ಮನುಷ್ಯನಿಗೆ ನಮ್ಮ ಕೋಣೆ ನಮಗೆ ಬಿಟ್ಟುಕೊಡುವುದೊಂದು ಮಾತ್ರ ಹೊಳೆಯುವುದಿಲ್ಲವಲ್ಲ ಎಂದು ತಲೆ ಕಾಯುತ್ತಿತ್ತು.

ಒಂದು ಭಾನುವಾರ ಮಾವ ಸ್ಟೂಲು ಹತ್ತಿ ಎ.ಸಿ.ಗೆ ಹಳೆಯ ಲುಂಗಿಯ ಮುಸುಕು ಹಾಕಿದರು. ಧೂಳು ಕೂರಬಾರದಂತೆ. ಅವರು ಇಳಿದು ಹೊರಗೆ ಹೋದದ್ದೇ ತಡ, ಅವರ ಗಾದಿ ಸುತ್ತಿ ಅವರ ಕೋಣೆಗೆ ಒಯ್ದು ಹಾಸಿದೆ. ಹೊಸ ಚಾದರವನ್ನೂ ಹೊದಿಸಿದೆ. ಸಂಜೆ ನೋಡಿದರೆ ಗಾದಿ, ಹೊಸ ಚಾದರದ ಸಮೇತ, ನಮ್ಮ ಕೋಣೆಯಲ್ಲಿತ್ತು.

"ಸೊಳ್ಳಿ ಭಾಳ ಆಗ್ಯಾವವಾ," ಎಂದರು ಮಾವ. "ಎರಡು ಖೋಲಿಗೆ ಎರಡು ಸೊಳ್ಳಿ ಮಶೀನು ಹಚ್ಚಬೇಕು. ಒಂದ ಕಡೆ ಮಲಗಿದ್ರ ಒಂದರಾಗ ಮುಗೀತೈತಿ. ಮತ್ತ ನಾಕು ಮಂದಿ ಉಸಿರಿಗೆ ಖೋಲಿ ಬೆಚ್ಚಗಿರತೈತಿ."

ಬೇಸಿಗೆಯಲ್ಲಿ ತಂಪಿಗೆ, ಚಳಿಯಲ್ಲಿ ಬೆಚ್ಚಗಿರಲು. ಈ ಮನುಷ್ಯ ವರ್ಷವಿಡೀ ನಮ್ಮ ಕೋಣೆಯಲ್ಲೇ ಇರುತ್ತಾರೆ ಎಂದು ಆ ಕ್ಷಣ ಅರ್ಥವಾಯಿತು.

ಮರುದಿನ ಬೆಳಿಗ್ಗೆ ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ವೈಭವನನ್ನು ಹಿಡಿದೆ. ಅವನು ಅಲ್ಲಿಂದ ಲಿಂಗಂಪಲ್ಲಿ ರೈಲು ಹತ್ತುತ್ತಾನೆ, ನಾನು ಪಕ್ಕದ ಓಣಿಯ ಶಾಲೆಗೆ ಪಾಠ ಮಾಡಲು ಹೋಗುತ್ತೇನೆ. ನಾವಿಬ್ಬರೇ ಇರುವುದು ಆ ಪ್ಲಾಟ್‌ಫಾರ್ಮಿನಲ್ಲಿ, ನೂರಾರು ಜನರ ನಡುವೆ.

"ನಿಮ್ಮ ಅಪ್ಪಗ ನೀವು ಹೇಳತೀರೋ, ನಾ ಹೇಳಲೋ?"

"ಹೆಂಗ ಹೇಳೂದು? ಏನಂತ ಹೇಳೂದು?"

"ಹೇಣ್ತಿ ಜೋಡಿ ಮಲಗಬೇಕಂತ ಹೇಳ್ರಿ."

ಅವನು ಸುತ್ತ ನೋಡಿದ. ಅಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಆದರೂ ಅವನ ಕಿವಿ ಕೆಂಪಾಯಿತು. "ನೋಡೂಣು," ಎಂದು ರೈಲು ಹತ್ತಿದ.

ಆ ಸಂಜೆ ಅತ್ತೆಗೇ ಹೇಳಿದೆ. ಅವರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದ ಮೇಲೆಯೇ ಮಾತಾಡಿದರು.

"ನಿಮ್ಮ ಮಾವಗ ಮೊದಲ ದಿನ ಇಲ್ಲಿ ಮಲಗೂಣಂತ ಹೇಳಿದಾಕಿ ನಾನವಾ. ಗಾದಿ ತಿರುಗಿ ತಂದಾಕಿನೂ ನಾನೇ."

ನಾನು ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕಿದೆ.

"ಅವರು ಈಗ ಮಾತಾಡ್ತಾರಲ್ಲ, ಸಾಬಾಣ, ಸೊಳ್ಳಿ ಅಂತ, ಅದು ನಿಮ್ಮ ಮುಂದ. ಆ ಖೋಲ್ಯಾಗ ನಾವಿಬ್ಬರ ಇದ್ದಾಗ ಗ್ವಾಡಿ ಕಡೆ ಮಾರಿ ಮಾಡಿ ಮಲಗತಿದ್ರು. ಜಗಳಿಲ್ಲ, ಸಿಟ್ಟಿಲ್ಲ. ಮಾತ ಇಲ್ಲ. ಎಷ್ಟೋ ವರ್ಷ ಹಂಗ. ಇಲ್ಲಿ ನಾಕು ಮಂದಿ ಇದ್ದೀವಂತ ದೀಪಾ ಆರಿಸಿದ ಮ್ಯಾಲೂ ಒಂದೀಟು ಮಾತಾಡ್ತಾರ. ನಾ ಅದನ್ನ ಕೇಳಕೋತ ಮಲಗತೀನಿ."

ತವೆಯ ಮೇಲಿನ ರೊಟ್ಟಿ ಸೀಯುತ್ತಿತ್ತು. ಅವರು ಬರಿಗೈಯಲ್ಲೇ ತಿರುವಿದರು.

ನನಗೆ ಕನಿಕರವಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು. ಇದೆಂಥ ಕಷ್ಟ? ಅವರ ಎಷ್ಟೋ ವರ್ಷದ ಮೌನವನ್ನು ತುಂಬುವುದಕ್ಕೆ ನನ್ನ ಮೊದಲ ವರ್ಷವನ್ನು ಕೊಡಬೇಕೇ? ಹಾಗೆ ಯೋಚಿಸುವಾಗಲೇ ಪ್ಲಾಟ್‌ಫಾರ್ಮಿನ ವೈಭವ ಕಣ್ಣ ಮುಂದೆ ಬಂದ. ಮಾತಾಡಬೇಕಾದಾಗ ಅವನೂ ಆಚೆ ನೋಡುತ್ತಾನೆ. ಈಗ ಬಿಟ್ಟರೆ, ಮುಂದೊಂದು ದಿನ ನಾನೂ ದಿಂಬು ಅವಚಿಕೊಂಡು ಯಾರೋ ಸೊಸೆಯ ಬಾಗಿಲಲ್ಲಿ ನಿಂತಿರುತ್ತೇನೆ.

ಊಟಕ್ಕೆ ಕೂತಾಗ ಹೇಳಿದೆ. "ಮಾವಾರ, ಇವತ್ತಿನಿಂದ ನಾವಿಬ್ಬರೂ ನಿಮ್ಮ ಖೋಲ್ಯಾಗ ಮಲಗತೀವಿ. ನೀವು ಎ.ಸಿ. ಖೋಲ್ಯಾಗ ಇರ್ರಿ. ಹೆಂಗೂ ಅದು ಬಂದ್ ಐತಿ."

ಮಾವ ತುತ್ತು ಹಿಡಿದು ಯೋಚಿಸಿದರು. "ಮತ್ತ ಸೊಳ್ಳಿ?"

"ಸೊಳ್ಳಿ ಪರದೆ ಕಟ್ಟತೀವಿ. ಅದಕ್ಕ ಕರೆಂಟ್ ಬೇಕಾಗಿಲ್ಲ."

ಅವರು ಬಹಳ ಹೊತ್ತು ತಪ್ಪು ಹುಡುಕಿದರು. ಸಿಗಲಿಲ್ಲ. "ಹಂಗಂದ್ರ ಎ.ಸಿ. ಖೋಲ್ಯಾಗೂ ಒಂದು ಪರದೆ ಕಟ್ಟಿದ್ರ ಮಶೀನೂ ಉಳೀತೈತಿ," ಎಂದು ಖುಷಿಪಟ್ಟರು. ಅತ್ತೆ ಎದ್ದು ನೀರು ತರಲು ಹೋದರು. ಎಲ್ಲರ ಲೋಟ ತುಂಬಿಯೇ ಇತ್ತು. ವೈಭವ ತಟ್ಟೆಯಿಂದ ತಲೆ ಎತ್ತಲಿಲ್ಲ.

ಪರದೆ ಕಟ್ಟುವಾಗ ಅತ್ತೆ ಬಾಗಿಲಿಗೆ ಬಂದರು. "ಸ್ನೇಹಾ, ಬಾಗಲಾ ಪೂರಾ ಹಾಕಬ್ಯಾಡವಾ. ಒಂದೀಟು ತಗದ ಇಡು. ನಿಮ್ಮ ಸಪ್ಪಳ ಕೇಳಿದ್ರ ಸಾಕು."

ನಾನು ಪರದೆಯ ಗಂಟು ಬಿಗಿದೆ. ಅವರು ಹೋದರು. ಆಚೆ ಕೋಣೆಯ ದೀಪ ಆರಿತು. ಸ್ವಲ್ಪ ಹೊತ್ತು ಕಾದೆ. ಮಾವನ ದನಿ ಕೇಳಿದ್ದರೆ ನನಗೂ ಹಗುರಾಗುತ್ತಿತ್ತು. ಕೇಳಲಿಲ್ಲ.

ಬಾಗಿಲು ಪೂರ್ತಿ ಹಾಕಿ ಚಿಲಕ ಜಡಿದೆ.

"ಅವ್ವ ತಗದ ಇಡು ಅಂದ್ಲಲ್ಲ," ಎಂದ ವೈಭವ.

"ನೀವು ಮಾತಾಡ್ರಿ," ಅಂದೆ.

"ಏನು ಮಾತಾಡ್ಲಿ?"

ಕರಿಹಲಗೆಯ ಮುಂದೆ ನಿಲ್ಲಿಸಿದ ಹುಡುಗನ ಮುಖ ಅವನದು. ಏನು ಎಂದು ನನಗೂ ಗೊತ್ತಿರಲಿಲ್ಲ. ಪರದೆ ಎತ್ತಿ ಒಳಗೆ ಹೋಗಿ, ಅವನ ಕಡೆ ಮುಖ ಮಾಡಿ ಕೂತೆ.

"ಏನರ ಮಾತಾಡ್ರಿ. ನನಗೇನು ಗಡಿಬಿಡಿ ಇಲ್ಲ."